ಸುಮ್ಮನಿದ್ದವನ ಕೋಟು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಟೈಲರ್ ಒಂದು ಅಂಗಿಗೆ ಆರರ ಬದಲು ಏಳು ಕಾಜ ಹಾಕಿದ. ಏಳನೆಯದನ್ನು ಕತ್ತರಿಸಿ ಅಂಚಿಗೆ ದಾರ ಸುತ್ತಲು ಹೊರಟಾಗ, ಅರೆ, ಇದರ ಗುಂಡಿ ಎಲ್ಲಿ ಕೂರುತ್ತೆ ಎಂದು ನೋಡಿದರೆ, ಅದು ಹೊಟ್ಟೆಗಿಂತ ಕೆಳಗೆ, ಮರ್ಯಾದಸ್ಥರ ಅಂಗಿಯಲ್ಲಿ ಯಾವ ಗುಂಡಿಯೂ ಇರಬಾರದ ಜಾಗದಲ್ಲಿತ್ತು. ತಪ್ಪು ಕೈಯದಲ್ಲ, ಕಣ್ಣಿನದು. ಕಣ್ಣು ಬೆಳಗಿನಿಂದ ಅಂಗಡಿ ಬಾಗಿಲಾಚೆಯ ಬೆಂಚಿನ ಮೇಲೆಯೇ ಇತ್ತು. ಕೆಲಸದಿಂದ ನಿವೃತ್ತನಾದ ನಾಲ್ಕು ವರ್ಷದಿಂದ ಪೋಸ್ಟಣ್ಣ, ಎಂದರೆ ಈ ಬೀದಿಗಳಿಗೆ ಮೂವತ್ತು ವರ್ಷ ಕಾಗದ ಹಂಚಿದ ಪೋಸ್ಟ್‌ಮ್ಯಾನ್, ದಿನಾ ಹತ್ತಕ್ಕೆ ಸರಿಯಾಗಿ ಬಂದು, ಆರಡಿ ಮೈಯನ್ನು ಆ ಬೆಂಚಿನ ಮೇಲೆ ಇಳಿಸಿ, ಕಾಲನ್ನು ಅರ್ಧ ಬೀದಿಗೆ ಚಾಚಿ, ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದ. ಟೈಲರ್ ಮೆಷಿನ್ ತುಳಿಯುತ್ತಾ ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ತಾನೇ ಊಹಿಸಿಕೊಂಡು, ಆಮೇಲೆ ಊಹಿಸಿದ್ದರ ಬಗ್ಗೆಯೇ ಜಗಳ ತೆಗೆಯುತ್ತಿದ್ದ. ಇಬ್ಬರಿಗೂ ಹನ್ನೊಂದೂವರೆಯವರೆಗೆ ಹೊತ್ತು ಹೋಗುತ್ತಿದ್ದುದೇ ಗೊತ್ತಾಗುತ್ತಿರಲಿಲ್ಲ. ಈಗ ಮೂರು ವಾರದಿಂದ ಬೆಂಚು ಖಾಲಿ. ಎದುರಿನ ತರಕಾರಿ ಅಕ್ಕ ಎರಡು ದಿನ ನೋಡಿ, ಮೂರನೆಯ ದಿನ ಅದರ ಮೇಲೆ ತನ್ನ ಬುಟ್ಟಿ ತಂದಿಟ್ಟಳು. ಬುಟ್ಟಿ ತೆಗಿ ಅನ್ನುವ ಮುಖ ಟೈಲರಿಗೆ ಇರಲಿಲ್ಲ.

ಅದು ಸಾಲದು ಎಂಬಂತೆ ನಾಳೆ ಭಾನುವಾರ. ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹದಿನೈದು ಜನ ಸೇರುವ ಬೈಬಲ್ ತರಗತಿಯಲ್ಲಿ ನಾಳೆ ಮಾತಾಡಬೇಕಾದವನು ಅವನೇ. ಪರಲೋಕ ರಾಜ್ಯದ ಬಗ್ಗೆ ಯೇಸು ಹೇಳಿದ ಸಾಮ್ಯಗಳನ್ನು, ಎಂದರೆ ದೃಷ್ಟಾಂತದ ಕಥೆಗಳನ್ನು, ಒಬ್ಬೊಬ್ಬರು ಒಂದೊಂದು ವಾರ ಬಿಡಿಸಿ ಹೇಳಲಿ ಎಂದು ಪಾದ್ರಿಗಳು ಈ ಸಲ ಹೊಸ ಪದ್ಧತಿ ತಂದಿದ್ದರು. ಎರಡು ವಾರದ ಹಿಂದೆ ಚೀಟಿ ಬರೆದು, ತಮ್ಮ ಟೋಪಿಯಲ್ಲಿ ಹಾಕಿ ಕುಲುಕಿದರು. ತರಕಾರಿ ಅಕ್ಕನಿಗೆ ಸಾಸಿವೆ ಕಾಳು ಬಂತು. ಅವಳು ಕಳೆದ ಭಾನುವಾರ ಎದ್ದು ನಿಂತು, ನಾನು ನಲವತ್ತು ವರ್ಷದಿಂದ ಸಾಸಿವೆ ಸೊಪ್ಪು ಮಾರಿದ್ದೀನಿ, ಅದು ಮರ ಆಗಿ ಹಕ್ಕಿ ಕೂತದ್ದನ್ನು ನಾನಂತೂ ನೋಡಿಲ್ಲ, ಆದರೆ ಸ್ವಾಮಿ ಹೇಳಿದ ಮೇಲೆ ಇನ್ನೊಂದು ಸಲ ನೋಡ್ತೀನಿ ಎಂದು ಹೇಳಿ ಕೂತಿದ್ದಳು. ಅದಕ್ಕಿಂತ ಒಳ್ಳೆ ಪ್ರಸಂಗ ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಟೈಲರಿಗೆ ಹೊಲದಲ್ಲಿ ಬಚ್ಚಿಟ್ಟ ನಿಧಿಯ ಸಾಮ್ಯದ ಮೇಲೆ ಕಣ್ಣಿತ್ತು. ಅದರ ಮೇಲೆ ಅವನ ಹತ್ತಿರ ಒಂದು ಗಂಟೆಗಾಗುವಷ್ಟು ಸರಕು ತಯಾರಿತ್ತು. ಚೀಟಿ ಬಿಡಿಸಿದರೆ ಬಂದದ್ದು ರಾಜನ ಮಗನ ಮದುವೆ. ಕರೆದವರು ಬರಲಿಲ್ಲವೆಂದು ರಾಜ ಬೀದಿಯಲ್ಲಿ ಸಿಕ್ಕವರನ್ನೆಲ್ಲ ಊಟಕ್ಕೆ ಕರೆಸುತ್ತಾನೆ. ಆಮೇಲೆ ಒಳಗೆ ಬಂದು, ಮದುವೆಯ ಉಡುಪಿಲ್ಲದೆ ಕೂತ ಒಬ್ಬನನ್ನು ಕಂಡು, ಗೆಳೆಯಾ, ಈ ವೇಷದಲ್ಲಿ ಹೇಗೆ ಒಳಗೆ ಬಂದೆ ಅನ್ನುತ್ತಾನೆ. ಅವನು ಸುಮ್ಮನಿರುತ್ತಾನೆ. ರಾಜ ಅವನ ಕೈಕಾಲು ಕಟ್ಟಿಸಿ ಹೊರಗಿನ ಕತ್ತಲೆಗೆ ಹಾಕಿಸುತ್ತಾನೆ. ಪಾದ್ರಿಗಳು ಚೀಟಿ ನೋಡಿ ನಕ್ಕು, ನಿಮ್ಮ ಕಸುಬಿನದೇ ಬಂತಲ್ಲ ಅಂದರು. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪೋಸ್ಟಣ್ಣ ಮಾತ್ರ ಬೈಬಲಿನ ಹಾಳೆ ಮಗುಚುತ್ತಿದ್ದ. ಟೈಲರಿಗೆ ಕಿವಿಯ ಬುಡದವರೆಗೆ ಬಿಸಿಯಾಯಿತು.

ಕಾಜ ಬಿಚ್ಚುತ್ತಾ ಅವನು ಮನಸ್ಸಿನಲ್ಲೇ ರಾಜನ ಮೇಲೆ ಜಗಳಕ್ಕೆ ಹೋದ. ಅಲ್ಲ ಸ್ವಾಮಿ, ದಾರಿಯಲ್ಲಿ ಹೋಗುತ್ತಿದ್ದವನನ್ನು ಈಗಲೇ ಬಾ ಅಂತ ಎಳೆದುಕೊಂಡು ಬಂದಿರಿ, ಅವನು ಬಟ್ಟೆ ಯಾವಾಗ ಕೊಳ್ಳಬೇಕು, ಅಳತೆ ಯಾವಾಗ ಕೊಡಬೇಕು? ಒಂದು ಕೋಟಿಗೆ ಕಡಿಮೆಯೆಂದರೂ ನಾಲ್ಕು ದಿನ. ಕಾಲರು ನೆಟ್ಟಗೆ ಕೂರಬೇಕೆಂದರೆ ಐದು. ಪಾದ್ರಿಗಳ ವ್ಯಾಖ್ಯಾನದ ಪುಸ್ತಕದಲ್ಲಿ ಇದಕ್ಕೂ ಉತ್ತರ ಇತ್ತು: ಉಡುಪನ್ನು ಬಾಗಿಲಲ್ಲಿ ರಾಜನೇ ಎಲ್ಲರಿಗೂ ಕೊಡಿಸುತ್ತಿದ್ದ, ಆ ಮನುಷ್ಯ ಕೊಬ್ಬಿನಿಂದ ಬೇಡವೆಂದ, ಉಡುಪು ಎಂದರೆ ದೇವರ ಕೃಪೆ ಎಂದು. ಓದಲು ಚೆನ್ನಾಗಿಯೇ ಇತ್ತು. ಆದರೆ ಯಾರ ಅಳತೆಗೆ ಕೊಡಿಸುತ್ತಿದ್ದ? ಒಂದೇ ಅಳತೆಯಲ್ಲಿ ನೂರು ಹೊಲಿದಿಟ್ಟರೆ ಅದು ಯಾರಿಗೂ ಸರಿಯಾಗುವುದಿಲ್ಲ; ಈ ಮಾತನ್ನು ಯಾವ ಟೈಲರನ್ನು ಬೇಕಾದರೂ ಕೇಳಿ. ಮೂವತ್ತೈದು ವರ್ಷದಲ್ಲಿ ಅವನು ಅಳೆದ ಹೆಗಲುಗಳಲ್ಲಿ ಎರಡೂ ಪಕ್ಕ ಒಂದೇ ಮಟ್ಟದಲ್ಲಿದ್ದ ಹೆಗಲನ್ನು ಅವನು ಕಂಡದ್ದೇ ಇಲ್ಲ. ಪೋಸ್ಟಣ್ಣನ ಬಲಹೆಗಲು ಎಡಕ್ಕಿಂತ ಮುಕ್ಕಾಲು ಅಂಗುಲ ಕೆಳಗೆ, ಚೀಲ ಹೊತ್ತು ಹೊತ್ತು. ಅಳತೆ ಪುಸ್ತಕದಲ್ಲಿ ಅದನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದ. ಬರೆದುಕೊಳ್ಳುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಹಿಂದೆ ಬೀಳುತ್ತಿದ್ದದ್ದು ಕೊಡುವುದರಲ್ಲಿ. ಬೀದಿಯವರು ಅವನಿಗೆ ನಾಳೆ ಟೈಲರ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಯಾರು ಯಾವಾಗ ಬಂದು ಕೇಳಿದರೂ ಅವನ ಬಾಯಲ್ಲಿ ಅದೊಂದು ಮಾತು ಸಿದ್ಧವಾಗಿರುತ್ತಿತ್ತು.

ಆದರೆ ಪೋಸ್ಟಣ್ಣ ಹೊಲಿಯಲು ಕೊಟ್ಟಿದ್ದ ಕೋಟಿನ ವಿಷಯ ಬರೀ ನಾಳೆಯದಲ್ಲ, ಅದು ಗೊತ್ತಿದ್ದದ್ದು ಅವನಿಗೆ ಮತ್ತು ಕತ್ತರಿಸುವ ಮೇಜಿನ ಕೆಳಗಿನ ಪೆಟ್ಟಿಗೆಗೆ. ಬಟ್ಟೆ ಅಂಥಿಂಥದ್ದಲ್ಲ. ಪೋಸ್ಟಣ್ಣ ನಿವೃತ್ತನಾದ ದಿನ ಅಂಚೆ ಕಚೇರಿಯವರೆಲ್ಲ ಸೇರಿ ಕೊಟ್ಟ ಕಡುನೀಲಿ ಉಣ್ಣೆ ಬಟ್ಟೆ. ಮಗಳ ಮದುವೆಗೇ ಇದನ್ನು ಹೊಲಿಸೋದು ಅಂತ ಅವನು ನಾಲ್ಕು ವರ್ಷ ತನ್ನ ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದ. ಪಾಪ, ಕೊಟ್ಟವರಿಗೆ ಪ್ರೀತಿ ಇತ್ತೇ ಹೊರತು ಅವನ ಎತ್ತರದ ಲೆಕ್ಕ ಇರಲಿಲ್ಲ. ಬಟ್ಟೆ ಗೇಣುದ್ದ ಕಡಿಮೆ. ಮಡಿಚಿ ಎರಡು ಪದರ ಮಾಡಿ ಕತ್ತರಿಸಿದರೆ ಎಡಬಲ ತಾವಾಗಿಯೇ ಬರುತ್ತವೆ. ಕಡಿಮೆ ಬಟ್ಟೆಯನ್ನು ಹಾಗೆ ಮಡಿಚಲಾಗದೆ, ಅಗಲಕ್ಕೆ ಹರಡಿ ತೋಳನ್ನು ಒಂದೊಂದಾಗಿ ಕತ್ತರಿಸಬೇಕಾಯಿತು. ಎಡದ ತೋಳು ಕತ್ತರಿಸಿದ ಮೇಲೆ ಕಾಗದದ ನಕ್ಷೆಯನ್ನು ಮಗುಚಿ ಇಟ್ಟು ಬಲದ್ದನ್ನು ಗುರುತು ಹಾಕಬೇಕು. ಇದು ಕಲಿಯಲು ಬಂದ ಮೊದಲ ವಾರವೇ ಹೇಳಿಕೊಡುವ ಪಾಠ. ಆ ಹೊತ್ತಿನಲ್ಲಿ ಯಾರೋ ಪ್ಯಾಂಟು ಒಯ್ಯಲು ಬಂದವರು ಬಚ್ಚಿಟ್ಟ ನಿಧಿಯ ಬಗ್ಗೆ ಏನೋ ಕೇಳಿದರು. ಕೇಳಬೇಕೇ! ಅವನು ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದು ಹೊಲದಲ್ಲಿ ನಿಧಿ ಕಂಡವನ ಸಂತೋಷವನ್ನು ವರ್ಣಿಸುತ್ತಾ ವರ್ಣಿಸುತ್ತಾ, ನಕ್ಷೆಯನ್ನು ಮಗುಚದೆ ಇಟ್ಟು, ಗುರುತು ಹಾಕಿ, ಕತ್ತರಿ ಆಡಿಸಿದ. ಎದುರಿನವರು ಎಂಥಾ ಅರ್ಥ ಬಿಡಿಸಿದಿರಿ ಎಂದು ತಲೆದೂಗಿ ಹೋದರು. ಅವನು ತುಂಡುಗಳನ್ನು ಕೋಟಿನ ಮೈಗೆ ಹಿಡಿದು ನೋಡಿದ. ಎರಡೂ ಎಡದ ತೋಳು. ಉಳಿದ ಬಟ್ಟೆಯಲ್ಲಿ ಒಂದು ಕರವಸ್ತ್ರವೂ ಆಗುತ್ತಿರಲಿಲ್ಲ. ಅಂಥದೇ ಬಟ್ಟೆಗಾಗಿ ನಾಲ್ಕು ಅಂಗಡಿ ಸುತ್ತಿ ಬಂದ. ಆ ನೀಲಿ ಈಗ ಬರುವುದೇ ಇಲ್ಲ ಅಂದರು. ಆಮೇಲೆ ಪೋಸ್ಟಣ್ಣ ಕೇಳಿದಾಗಲೆಲ್ಲ ನಾಳೆ, ನಾಳೆ ಎಂದು ತಿಪ್ಪೆ ಸಾರಿಸಿ, ಮದುವೆಯ ಹಿಂದಿನ ದಿನ ಮುಖ ಸಣ್ಣದು ಮಾಡಿಕೊಂಡು, ಮೆಷಿನ್ ಬೆಲ್ಟ್ ಕಿತ್ತುಹೋಯ್ತು ಕಣಯ್ಯಾ ಅಂದುಬಿಟ್ಟ. ಬೆಲ್ಟು ಆಗಲೂ ಗಟ್ಟಿಯಾಗಿತ್ತು, ಈಗಲೂ ಗಟ್ಟಿಯಾಗಿದೆ, ಕಾಲಡಿಯಲ್ಲಿ ಸುಯ್ಯೆಂದು ಓಡುತ್ತಲೇ ಇದೆ.

ಮದುವೆಯ ದಿನ ಪೋಸ್ಟಣ್ಣ ತನ್ನ ಹಳೆಯ ಖಾಕಿ ಕೋಟು ಒಗೆದು ಹಾಕಿಕೊಂಡು ಬಂದ. ಎದೆಯ ಮೇಲೆ ಬಿಲ್ಲೆ ಇದ್ದ ಜಾಗ ಮಾತ್ರ ಬಣ್ಣ ಮಾಸದೆ ಗುಂಡಗೆ ಕಾಣುತ್ತಿತ್ತು. ಟೈಲರ್ ಬಂದದ್ದು ತನ್ನ ಬೂದು ಕೋಟಿನಲ್ಲಿ, ಇಸ್ತ್ರಿ ಮುರಿಯದಂತೆ. ಚರ್ಚಿನ ಮೆಟ್ಟಿಲ ಮೇಲೆ ಗಂಡಿನ ದೊಡ್ಡಪ್ಪ ತಮಾಷೆಗೇ ಇರಬೇಕು, ಹುಡುಗಿಯ ತಂದೆ ಇವತ್ತೂ ಡ್ಯೂಟಿ ಮೇಲೆ ಇದ್ದಾರೇನು ಎಂದು ಕೇಳಿದರು. ಅಂಚೆ ಕಚೇರಿಯ ಗುಮಾಸ್ತ ಮುಂದೆ ಬಂದು, ನಾವು ಕೊಟ್ಟ ಬಟ್ಟೆ ಏನಾಯ್ತು, ಯಾರ ಹತ್ತಿರ ಹೊಲಿಸೋಕೆ ಹಾಕಿದಿರಿ ಅಂದ. ಟೈಲರ್ ಕಂಬದ ಮರೆಗೆ ಸರಿದ, ಆದರೆ ಕಂಬಕ್ಕಿಂತ ಅವನ ಹೊಟ್ಟೆ ಅಗಲ. ಪೋಸ್ಟಣ್ಣನ ಕಣ್ಣು ಜನರ ತಲೆಯ ಮೇಲಿಂದ ಹಾದು ಬಂದು ಇವನ ಮೇಲೆ ನಿಂತಿತು. ಒಂದು ಕ್ಷಣ ಅಷ್ಟೆ. ಆಮೇಲೆ ಗುಮಾಸ್ತನ ಕಡೆ ತಿರುಗಿ ನಕ್ಕ, ಏನೂ ಹೇಳಲಿಲ್ಲ. ಅವತ್ತಿನಿಂದ ಬೆಂಚಿಗೆ ಬರಲಿಲ್ಲ. ಟೈಲರಿಗೆ ಮೂರು ವಾರವೂ ಊಟದ ನಡುವೆ, ಮಾತಿನ ನಡುವೆ, ದಾರ ಪೋಣಿಸುವಾಗ, ಆ ನಗು ನೆನಪಾಗುತ್ತಿತ್ತು. ಗೆಳೆತನ ಮುಗಿಯಿತು, ಅದನ್ನು ಪೋಸ್ಟಣ್ಣ ಬಾಯಿಬಿಟ್ಟು ಹೇಳಿಲ್ಲ ಅಷ್ಟೆ ಎಂದು ಅವನು ತೀರ್ಮಾನಿಸಿಕೊಂಡಿದ್ದ.

ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆಯಲು ಒಳಗಿನಿಂದ ಬಂದವಳು, ಏಳನೆಯ ಕಾಜ ನೋಡಿ ಅಂಗಿಯನ್ನು ಕಿತ್ತುಕೊಂಡು ರಫು ಮಾಡಲು ಕೂತಳು. ಅಂಗಡಿಯ ಗುಂಡಿ, ಅಂಚು, ರಫು ಎಲ್ಲ ಅವಳ ಕೈಯದೇ. ನಾಳೆ ಏನು ಹೇಳುತ್ತೀರಿ ಎಂದು ಕೇಳಿದಳು. ಅವನು ಕೃಪೆ, ಪಶ್ಚಾತ್ತಾಪ ಎಂದು ಪುಸ್ತಕದ್ದನ್ನು ಶುರು ಮಾಡಿದ. ಅವಳು ದಾರ ಹಲ್ಲಿನಲ್ಲಿ ಕತ್ತರಿಸಿ, ತಲೆ ಎತ್ತದೆ ಅಂದಳು:

"ರೀ, ಪೆಟ್ಟಿಗೆಯಲ್ಲಿರೋ ಎರಡು ತೋಳಲ್ಲಿ ಒಂದನ್ನ ಮಗುಚಿ ಹಾಕಿ. ಒಳಮೈ ಹೊರಗೆ ಬಂದ್ರೆ ಎಡ ಹೋಗಿ ಬಲ ಆಗುತ್ತೆ."

ಅವಳಿಗೆ ಗೊತ್ತಿತ್ತು ಎಂಬುದು ತಲೆಗಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅದು ಇಳಿದ ಮೇಲೂ ಅವನು ಸಿಟ್ಟಾದದ್ದು ಬೇರೆಯದಕ್ಕೇ. ಒಳಮೈ ಹೊರಗೆ! ಅದನ್ನು ಅವನು ಮೊದಲ ದಿನವೇ ಯೋಚಿಸಿ, ಥೂ ಎಂದು ಬಿಟ್ಟಿದ್ದ. ಉಣ್ಣೆ ಬಟ್ಟೆಗೆ ಎರಡು ಮೈ. ಹೊರಮೈ ಹೊಳೆಯುತ್ತದೆ, ಒಳಮೈ ಒಂದು ಛಾಯೆ ಮಂಕು. ಬಿಸಿಲಿಗೆ ಬಂದರೆ ಕುರುಡನಿಗೂ ಗೊತ್ತಾಗುತ್ತದೆ, ಒಂದು ತೋಳು ಬೇರೆ ಎಂದು. ನನ್ನ ಅಂಗಡಿಯಿಂದ ಅಂಥದ್ದು ಹೊರಗೆ ಹೋಗಲಿಲ್ಲ, ಹೋಗುವುದೂ ಇಲ್ಲ ಎಂದು ಅವನು ಹೇಳಿದ. ನೋಡಿದವರು ಏನಂದಾರು ಎಂದೂ ಹೇಳಿದ. ಅವಳು ಈಗ ತಲೆ ಎತ್ತಿ, ಅವರು ಖಾಕಿ ಕೋಟಲ್ಲಿ ನಿಂತಾಗ ನೋಡಿದವರು ಏನಂದರು ಎಂದು ಕೇಳಿದಳು. ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅವಳು ಆ ದಿನ ಜ್ವರದಿಂದ ಮದುವೆಗೆ ಬಂದಿರಲಿಲ್ಲ. ಅವನು ಹೇಳಲು ಹೊರಟ. ಗಂಡಿನ ದೊಡ್ಡಪ್ಪ ಕೇಳಿದ್ದು, ಗುಮಾಸ್ತ ಕೇಳಿದ್ದು, ಆಗ ಪೋಸ್ಟಣ್ಣ... ಅವನು ಸುಮ್ಮನಿದ್ದ ಎಂದು ಬಾಯಿಂದ ಹೊರಟದ್ದೇ ತಡ, ಟೈಲರ್ ಅಲ್ಲಿಗೇ ನಿಂತುಬಿಟ್ಟ. ಆ ಮಾತನ್ನು ಅವನು ರಾಜನ ಮದುವೆಯ ಸಾಮ್ಯದಲ್ಲಿ ಈ ವಾರವಿಡೀ ಓದಿದ್ದ, ಬೆರಳಿಟ್ಟು ಓದಿದ್ದ.

ಅಂಗಡಿಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಆ ಮೆಟ್ಟಿಲ ಮೇಲೆ ಅವತ್ತು ಯಾರು ಯಾರಿದ್ದರು ಎಂದು ಅವನು ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡ, ಮುಖದಿಂದಲ್ಲ, ಅಳತೆಯಿಂದ. ಮೂವತ್ತೆಂಟು ಸೊಂಟ, ಹದಿನಾರು ಕತ್ತು, ಸ್ವಲ್ಪ ಗೂನು. ಹತ್ತರಲ್ಲಿ ಏಳು ಜನ ಅವನ ಗಿರಾಕಿಗಳೇ. ಗಂಡಿನ ಕಡೆಯವರು ಇನ್ನು ಆಗಬೇಕಾದ ಗಿರಾಕಿಗಳು. ಪೋಸ್ಟಣ್ಣ ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಹೆಸರೂ ಬೇಡ, ಕಂಬದ ಕಡೆ ಗಲ್ಲ ಎತ್ತಿದ್ದರೆ ಸಾಕಿತ್ತು, ಅಷ್ಟೂ ಕತ್ತುಗಳು ಒಟ್ಟಿಗೆ ತಿರುಗುತ್ತಿದ್ದವು. ಮೂರು ವಾರದಿಂದ ಅವನು ಆ ಮೌನವನ್ನು ಸಿಟ್ಟು ಎಂದು ಓದಿದ್ದ. ಎರಡು ಸಾವಿರ ವರ್ಷದಿಂದ ವ್ಯಾಖ್ಯಾನದ ಪುಸ್ತಕಗಳೆಲ್ಲ ಮದುವೆಯ ಉಡುಪಿಲ್ಲದೆ ಕೂತವನ ಮೌನವನ್ನು ಕೊಬ್ಬು ಎಂದು ಓದಿದ್ದವು. ಅಯ್ಯೋ ದೇವರೇ ಎಂದು ಅವನು ಗಟ್ಟಿಯಾಗಿ ಅಂದ, ಆದರೆ ದುಃಖದಿಂದಲ್ಲ. ಅವನಿಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು, ಹಸಿವು ಬೇರೆ ಆಗಿತ್ತು. ಮೊದಲು ಊಟ ಮಾಡಿದ. ಆಮೇಲೆ ಪೆಟ್ಟಿಗೆ ಎಳೆದು, ತೋಳಿನ ತುಂಡುಗಳನ್ನು ಬೆಳಕಿಗೆ ಹಿಡಿದು, ಯಾವುದು ಸ್ವಲ್ಪವಾದರೂ ಮಂಕು ಕಡಿಮೆಯೋ ಅದನ್ನು ಆರಿಸಿ, ಮಗುಚಿದ. ಸಂಜೆಯೊಳಗೆ ತೋಳು ಏರಿತು, ಲೈನಿಂಗ್ ಕೂತಿತು, ಬಲಹೆಗಲಿಗೆ ಒಳಗಿನಿಂದ ಮುಕ್ಕಾಲು ಅಂಗುಲದ ಒತ್ತುಬಟ್ಟೆ ಬಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಗುಂಡಿ ಹಾಕಿದಳು. ಮೂವತ್ತೈದು ವರ್ಷದಲ್ಲಿ ಅವನು ನಾಳೆ ಅಂದದ್ದನ್ನು ಇವತ್ತೇ ಮುಗಿಸಿದ್ದು ಇದೇ ಮೊದಲು ಎಂದು ಅವಳು ಹಂಗಿಸಿದಳು. ಅವನಿಗೆ ಅದೂ ಹಿತವಾಗಿತ್ತು.

ಭಾನುವಾರ ಹಿಂದಿನ ಕೋಣೆಯಲ್ಲಿ ಎಂದಿನ ಹದಿನೈದು ಜನ. ಪೋಸ್ಟಣ್ಣ ಕೊನೆಯ ಸಾಲಿನಲ್ಲಿ, ಕಾಲು ಚಾಚಲು ಅಲ್ಲೇ ಜಾಗ. ಟೈಲರ್ ಕೋಟನ್ನು ಹಳೇ ಬಿಳಿ ಬಟ್ಟೆಯಲ್ಲಿ ಸುತ್ತಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಎದ್ದು ನಿಂತಾಗ, ರಾತ್ರಿ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. ಸಾಮ್ಯವನ್ನು ಓದಿದ. ರಾಜ ಎಂದರೆ ದೇವರು ಎಂಬಲ್ಲಿಗೆ ಬಂದು, ಪಾದ್ರಿಗಳ ಕಡೆ ನೋಡಿ, ರಾಜನ ವಿಷಯ ದೊಡ್ಡವರು ಹೇಳಲಿ, ನನಗೆ ಗೊತ್ತಿರುವುದು ಉಡುಪಿಲ್ಲದೆ ಕೂತನಲ್ಲ, ಅವನ ಟೈಲರನ ವಿಷಯ ಅಂದ. ಯಾರೋ ಕಿಸಕ್ಕೆಂದರು. ಆ ಸಾಮ್ಯದಲ್ಲಿ ಟೈಲರ್ ಎಲ್ಲಿದ್ದಾನೆ ಎಂದು ಪಾದ್ರಿಗಳು ಕೇಳಿದರು. ಕಂಬದ ಹಿಂದೆ ಇದ್ದಾನೆ ಸ್ವಾಮಿ ಎಂದು ಟೈಲರ್ ಹೇಳಿದ. ಆಮೇಲೆ ಅವನು ಎಲ್ಲ ಹೇಳಿದ. ಬಚ್ಚಿಟ್ಟ ನಿಧಿಯ ಜಂಬ, ಮಗುಚದ ನಕ್ಷೆ, ಎರಡು ಎಡ ತೋಳು, ಕಿತ್ತುಹೋಗದ ಬೆಲ್ಟು. ಹೇಳುವಾಗ ಕೊನೆಯ ಸಾಲಿನ ಕಡೆ ನೋಡುವ ಧೈರ್ಯ ಇರಲಿಲ್ಲ; ಗೋಡೆಯ ಮೇಲಿನ ಗಡಿಯಾರಕ್ಕೆ ಹೇಳಿದ.

"ರಾಜ ಕೇಳಿದಾಗ ಆ ಮನುಷ್ಯ ಒಂದು ಮಾತು ಹೇಳಬಹುದಿತ್ತು," ಅಂದ ಅವನು. "ನನ್ನ ಟೈಲರ್ ಕೈಕೊಟ್ಟ ಅಂತ. ಆಗ ಕೈಕಾಲು ಕಟ್ಟಿಸಿಕೊಳ್ಳೋನು ಟೈಲರ್. ಅದಕ್ಕೇ ಸುಮ್ಮನಿದ್ದ. ಅವನನ್ನ ಹೊರಗಿನ ಕತ್ತಲೆಗೆ ಹಾಕಿದರು, ಕಥೆ ಅಲ್ಲಿಗೇ ನಿಂತಿದೆ. ನನಗೆ ಅನ್ನಿಸೋದು ಇಷ್ಟು, ಅಲ್ಲಿಂದ ಮುಂದಿನ ಕೆಲಸ ಟೈಲರದು. ಕೋಟು ತಗೊಂಡು ಆ ಕತ್ತಲೆಗೆ ಅವನೇ ಹೋಗಬೇಕು."

ಬಟ್ಟೆ ಬಿಚ್ಚಿ ಕೋಟನ್ನು ಎತ್ತಿ ಹಿಡಿದ. ಇದು ಯಾವ ವ್ಯಾಖ್ಯಾನದಲ್ಲೂ ಇಲ್ಲ ಎಂದು ಪಾದ್ರಿಗಳು ಮೆಲ್ಲಗೆ ಅಂದರು, ಆದರೆ ಜೇಬಿನಿಂದ ಪೆನ್ನು ತೆಗೆದು ಬೈಬಲಿನ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ತರಕಾರಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೊನೆಯ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಪೋಸ್ಟಣ್ಣ ಎದ್ದು, ಯಾವ ಅವಸರವೂ ಇಲ್ಲದೆ, ಮೊದಲು ಕಾಗದ ಹಂಚುವಾಗ ನಡೆಯುತ್ತಿದ್ದ ಹಾಗೇ ಕುರ್ಚಿಗಳ ನಡುವೆ ನಡೆದು ಬಂದು, ಬೆನ್ನು ತಿರುಗಿಸಿ ಎರಡೂ ಕೈ ಹಿಂದಕ್ಕೆ ಚಾಚಿ ನಿಂತ. ಟೈಲರ್ ಕೋಟು ಏರಿಸಿದ. ಹೆಗಲು ಕೂತಿತು. ಎರಡೂ ಹೆಗಲು ಒಂದೇ ಮಟ್ಟದಲ್ಲಿ ಕಂಡವು. ಪೋಸ್ಟಣ್ಣ ಬಲಗೈ ಎತ್ತಿ ತಿರುಗಿಸಿ ನೋಡಿಕೊಂಡ, ಎಡಗೈ ಎತ್ತಿ ನೋಡಿಕೊಂಡ, ಆಮೇಲೆ ಗುಂಡಿ ಹಾಕಿಕೊಂಡು, ಬಾ ಎಂದು ಟೈಲರನ ರಟ್ಟೆ ಹಿಡಿದು ಹೊರಗೆ ನಡೆದ. ಅಷ್ಟೇ ಮಾತು. ತರಗತಿ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ಹೊರಗೆ ಮಧ್ಯಾಹ್ನದ ಸುಡುಬಿಸಿಲು, ಆ ಬಿಸಿಲಿಗೆ ಉಣ್ಣೆ ಕೋಟು. ಮನೆ ಎಡಕ್ಕಿದ್ದರೂ ಪೋಸ್ಟಣ್ಣ ಬಲಕ್ಕೆ ತಿರುಗಿದ. ಇವನೆಲ್ಲಿಗೆ ಹೊರಟ ಎಂದು ಟೈಲರಿಗೆ ಎರಡನೆಯ ತಿರುವಿನಲ್ಲಿ ಗೊತ್ತಾಯಿತು: ಮೂವತ್ತು ವರ್ಷ ಕಾಗದ ಹಂಚಿದ ದಾರಿ ಅದು, ಒಂದು ಬಾಗಿಲೂ ಬಿಡದೆ. ಬೆವರು ಹರಿಯುತ್ತಿತ್ತು. ಬಲತೋಳು ಮಂಕಾಗಿ, ಎಡತೋಳು ಮಿಂಚುತ್ತಾ, ಅವನು ಹೆಗಲೆತ್ತಿ ನಡೆಯುತ್ತಿದ್ದ, ಹಿಂದೆ ಟೈಲರ್ ಏದುಸಿರು ಬಿಡುತ್ತಾ. ಕಿಟಕಿಯಿಂದ ಇಣುಕಿದವರು ಯಾರ ಮದುವೆ ಎಂದು ಕೇಳಿದರೆ, ನನ್ನ ಮಗಳದ್ದು, ಆಗಿ ಮೂರು ವಾರ ಆಯ್ತು ಅನ್ನುತ್ತಿದ್ದ. ಟೈಲರಿಗೆ ನಾಚಿಕೆಯಾಗುತ್ತಿತ್ತು, ಜೊತೆಗೆ ತುಂಬಾ ದಿನದ ಮೇಲೆ ಮೈ ಹಗುರಾಗಿತ್ತು, ಯಾವುದು ಹೆಚ್ಚು ಎಂದು ಅವನಿಗೇ ತಿಳಿಯಲಿಲ್ಲ. ಅಂಚೆ ಗುಮಾಸ್ತನ ಮನೆಯ ಮುಂದೆ ಪೋಸ್ಟಣ್ಣ ನಿಂತು, ಹಳೇ ಅಭ್ಯಾಸದಂತೆ ಎರಡು ಸಲ ಬಾಗಿಲು ಬಡಿದ. ಗುಮಾಸ್ತ ಬನಿಯನ್ನಿನಲ್ಲೇ ಬಂದು ನೋಡಿ, ಓಹೋ, ನಮ್ಮ ಬಟ್ಟೆ ಅಂದ. ಕೊನೆಗೂ ಯಾರ ಹತ್ತಿರ ಹೊಲಿಸಿದಿರಿ ಎಂದು ಅದೇ ಪ್ರಶ್ನೆಯನ್ನು ಕೇಳಿದ. ಟೈಲರ್ ಗೇಟಿನ ಕಂಬದ ಪಕ್ಕದಲ್ಲೇ ಇದ್ದ. ಒಂದು ಹೆಜ್ಜೆ ಇಟ್ಟರೆ ಮರೆ ಸಿಗುತ್ತಿತ್ತು. ಅವನು ಇಡಲಿಲ್ಲ.

"ಇವನ ಹತ್ತಿರ," ಅಂದ ಪೋಸ್ಟಣ್ಣ, ಟೈಲರನ ಹೆಗಲ ಮೇಲೆ ಕೈ ಹಾಕಿ ಮುಂದಕ್ಕೆಳೆದು. "ತೋಳು ನೋಡಿ, ಒಂದನ್ನ ಉಲ್ಟಾ ಹಾಕಿದಾನೆ. ನನಗೆ ಇದೇ ಸರಿಯಾಯ್ತು."

ಗುಮಾಸ್ತ ತೋಳನ್ನು ಮುಟ್ಟಿ ನೋಡಿ, ಎರಡನ್ನೂ ಹೋಲಿಸಿ, ಹೌದಲ್ಲ ಎಂದು ನಕ್ಕ. ಒಳಗೆ ಕರೆದು ನೀರು ಕೊಟ್ಟ. ಕುಡಿದು ಹೊರಗೆ ಬಂದ ಮೇಲೆ, ಮನೆಯ ಕಡೆ ತಿರುಗುವ ಮೂಲೆಯಲ್ಲಿ ಪೋಸ್ಟಣ್ಣ ಕೋಟು ಬಿಚ್ಚಿ ಜೋಪಾನವಾಗಿ ಮಡಿಚಿ ತೋಳಿನ ಮೇಲೆ ಹಾಕಿಕೊಂಡ. ಅಂಗಿ ಬೆನ್ನಿಗೆ ಅಂಟಿತ್ತು. ಟೈಲರ್ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಪೋಸ್ಟಣ್ಣನೇ ಮೊದಲು ಮಾತಾಡಿದ.

"ಬೆಂಚಿನ ಮೇಲಿನ ಬುಟ್ಟಿ ತೆಗೆಸಿಡಯ್ಯಾ. ನಾಳೆ ಬರ್ತೀನಿ. ನಿನ್ನ ನಾಳೆ ಅಲ್ಲ, ಹತ್ತು ಗಂಟೆಗೆ."